ರಾನ್ ಮುತ್ಯಾ ಆಫ್ ಆದದ್ದು

ಅನಗೋಳ

ಸೂಟ್‌ಕೇಸಿನ ಮೇಲೆ ಕುಳಿತು ಅದರ ಬಾಯಿ ಮುಚ್ಚಿಸುವ ಪ್ರಯತ್ನದಲ್ಲಿದ್ದಾಗ ಇಂಗ್ಲೆಂಡಿನಿಂದ ತಂಗಿಯ ಫೋನು ಬಂತು. ಮರುದಿನ ಬೆಳಗ್ಗೆ ನಾನು ಅವಳ ಹತ್ತಿರವೇ ಹೊರಟಿದ್ದೆ. ರೊಟ್ಟಿ ಎಷ್ಟು ತರಲಿ, ಶೇಂಗಾ ಚಟ್ನಿ ಒಳಗೆ ಬಿಡುತ್ತಾರೋ ಇಲ್ಲವೋ ಎಂದು ಕೇಳಬೇಕೆಂದಿದ್ದ ನನಗೆ ಆ ಕಡೆಯಿಂದ ಮೂಗೆಳೆಯುವ ಸದ್ದು ಕೇಳಿತು.

“ಅಕ್ಕಾ, ನೀ ಬರೂದು ಬಾ. ಆದ್ರ ಒಂದ್ ಮಾತು. ನನ್ನ ಕೆಲಸ ಹೋಗೂ ಹಂಗ ಐತಿ. ಪಾರಿಶ್ವಾಡಕ್ಕ ಫೋನ್ ಮಾಡಿ ನಮ್ಮ ಮನ್ಯಾಗ ಯಾರಿಗೂ ಹೇಳಬ್ಯಾಡ.”

“ಏನ್ ಮಾಡ್ದಿ?”

“ಒಬ್ಬ ಮುತ್ಯಾ ಸತ್ತಾನಂತ ಅವರ ಮಗಳಿಗೆ ಹೇಳಿದ್ನಿ. ಅಂವಾ ಸತ್ತಿರಲಿಲ್ಲ.”

ಫೋನು ಕಟ್ಟಾಯಿತು. ಸೂಟ್‌ಕೇಸು ಬಾಯಿ ಬಿಟ್ಟುಕೊಂಡೇ ಇತ್ತು, ನಾನೂ ಹಾಗೇ ಇದ್ದೆ.

ನಾನು ಸರೋಜಾ. ಖಾನಾಪುರ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಮೂವತ್ತೆರಡು ವರ್ಷ ಇಂಗ್ಲಿಷ್ ಕಲಿಸಿ, ನಿವೃತ್ತಳಾಗಿ, ಈಗ ಬೆಳಗಾವಿಯ ಅನಗೋಳದ ಒಂದು ಓಣಿಯಲ್ಲಿದ್ದೇನೆ. ನಮ್ಮ ತವರೂರು ನಂದಗಡದ ಸಂತೆಯಲ್ಲಿ ನನ್ನನ್ನು ಕಂಡರೆ ಮೀಸೆ ನರೆತ ಗಂಡಸರು ಕೂಡ ಬೀಡಿ ಬಚ್ಚಿಡುತ್ತಾರೆ, ಅಂಥ ಟೀಚರ್. ಸುಮಿತ್ರಾ ನನ್ನ ಕೊನೆಯ ತಂಗಿ, ನನಗಿಂತ ಹದಿನೆಂಟು ವರ್ಷ ಚಿಕ್ಕವಳು. ನಮ್ಮಪ್ಪನದು ಕುರಿ ಕಾಯುವ ಮನೆತನ. ಎಂಟು ಮಕ್ಕಳಲ್ಲಿ ನಾನು ಮೊದಲು, ಅವಳು ಕಡೆ. ಅವಳಿಗೆ ಇಂಗ್ಲಿಷ್ ಕಲಿಸಿದವಳೂ ನಾನೇ. ಪಾರಿಶ್ವಾಡದ ರೈತರ ಮನೆಗೆ ಸೊಸೆಯಾಗಿ ಹೋಗಿ, ಹಾಸಿಗೆ ಹಿಡಿದ ಅತ್ತೆಯನ್ನು ಆರು ವರ್ಷ ನೋಡಿಕೊಂಡು, ಅತ್ತೆ ತೀರಿದ ಮೇಲೆ ಬೆಳಗಾವಿಯಲ್ಲಿ ಆರೈಕೆಯ ತರಬೇತಿ ಪಡೆದು, ನಲವತ್ಮೂರನೆಯ ವಯಸ್ಸಿನಲ್ಲಿ ಇಂಗ್ಲೆಂಡಿನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಹಿಡಿದಿದ್ದಳು. ಅವಳ ಹೆಸರಿಗೆ ಬಂದ ಮೊದಲ ನೌಕರಿ ಅದು. ಸೇರಿ ನಾಲ್ಕು ತಿಂಗಳಾಗಿತ್ತು. ಆ ನೌಕರಿಯ ಮೇಲೆಯೇ ಅವಳ ವೀಸಾ ನಿಂತಿತ್ತು.

ನಾನು ಹೊರಟಿದ್ದು ಇಂಗ್ಲೆಂಡ್ ನೋಡಲು. ಜೀವಮಾನವಿಡೀ ಯಾವ ಭಾಷೆಯ ವ್ಯಾಕರಣ ಕಲಿಸಿದೆನೋ ಆ ಭಾಷೆ ಅದರ ತವರಿನಲ್ಲಿ ಹೇಗಿದೆ ಎಂದು ಒಮ್ಮೆ ಕೇಳಿಸಿಕೊಂಡು ಬರಬೇಕೆಂಬ ಆಸೆ. ನಿಜ ಹೇಳುವುದಾದರೆ, ಅಲ್ಲಿಯವರ ತಪ್ಪು ತಿದ್ದುವ ಆಸೆಯೂ ಸ್ವಲ್ಪ ಇತ್ತು.

ಮ್ಯಾಂಚೆಸ್ಟರ್, ಸೋಮವಾರ

ವಿಮಾನದಲ್ಲಿ ಕಣ್ಣು ಮುಚ್ಚಲಿಲ್ಲ. ಬದುಕಿರುವವನನ್ನು ಸತ್ತನೆಂದರೆ ಆ ದೇಶದಲ್ಲಿ ಜೈಲೋ, ದಂಡವೋ, ಬರೀ ಬೈಗುಳವೋ ನನಗೆ ಗೊತ್ತಿರಲಿಲ್ಲ. ಇಳಿದು ಪಾಸ್‌ಪೋರ್ಟಿನ ಸಾಲಿನಲ್ಲಿ ನಿಂತಾಗಲೂ ಅದೇ ಲೆಕ್ಕ ನಡೆದಿತ್ತು.

ಗಾಜಿನ ಹಿಂದಿನ ಅಧಿಕಾರಿ ನನ್ನ ಮುಖ ನೋಡಿ, “ಯು ಆಲ್ ರೈಟ್?” ಎಂದ.

ನನ್ನ ಮುಖದಲ್ಲಿ ಕಾಯಿಲೆಯ ಕಳೆ ಕಂಡಿತೇನೋ, ರೋಗಿಯೆಂದು ವಾಪಸು ಕಳಿಸಿಬಿಟ್ಟರೆ ಸುಮಿತ್ರಾ ಒಬ್ಬಳೇ ಆಗುತ್ತಾಳಲ್ಲ ಎಂದು ನನಗೆ ಗಾಬರಿ. ಪಾದ ಸ್ವಲ್ಪ ಊದಿದೆ, ಅದು ವಿಮಾನದ್ದು; ಬಿಪಿ ಇದೆ, ಮಾತ್ರೆ ತಪ್ಪಿಸುವುದಿಲ್ಲ; ಕೆಮ್ಮು ಜ್ವರ ಏನೇನೂ ಇಲ್ಲ ಎಂದು ಪೂರ್ಣ ವಾಕ್ಯಗಳಲ್ಲಿ, ಕರ್ತೃ ಕ್ರಿಯಾಪದ ಸರಿಯಾಗಿ ಹೊಂದಿಸಿ ಹೇಳಿದೆ. ಆತ ಪೆನ್ನು ಕೆಳಗಿಟ್ಟ. ಅದು ಬರೀ ನಮಸ್ಕಾರ ಎಂದು ಅವನು ಹೇಳಲಿಲ್ಲ. ನನಗೆ ತಿಳಿದದ್ದು ಎರಡು ದಿನದ ಮೇಲೆ.

“ಸೋ, ವಾಟ್ ಆರ್ ಯು ಅಪ್ ಟು?” ಎಂದ.

ಏನು ಮಾಡಲು ಬಂದಿರಿ ಎಂಬುದು ಅದರ ಅರ್ಥವಂತೆ; ನನಗೆ ತಿಳಿದದ್ದು ಎಲ್ಲಿಯತನಕ ಎಂದು. ಈ ಪ್ರಶ್ನೆಗೆ ಖಾನಾಪುರದ ಕಂಡಕ್ಟರುಗಳು ನನ್ನನ್ನು ಚೆನ್ನಾಗಿ ತಯಾರು ಮಾಡಿದ್ದರು. “ಅಪ್ ಟು ಡರ್ಬಿಶೈರ್ ಓನ್ಲಿ,” ಎಂದೆ.

ಆತ ಒಂದು ಕ್ಷಣ ನನ್ನನ್ನೇ ನೋಡಿದ. ಪಕ್ಕದ ಗಾಜಿನ ಗೂಡಿನವಳ ಕಡೆ ತಿರುಗಿ ಏನೋ ಅಂದ. ಅವಳು ಬಗ್ಗಿ ನನ್ನನ್ನು ನೋಡಿದಳು. ಆಮೇಲೆ ಏನು ಹೊಳೆಯಿತೋ, ಠಸ್ಸೆ ಒತ್ತಿ ಪಾಸ್‌ಪೋರ್ಟ್ ನನ್ನ ಕಡೆ ತಳ್ಳಿದ.

ಹೊರಗೆ ಸುಮಿತ್ರಾ ಕಂಬಿ ಹಿಡಿದು ನಿಂತಿದ್ದಳು. ಸೊರಗಿದ್ದಳು. ನನ್ನನ್ನು ತಬ್ಬಿಕೊಂಡವಳು ಬಿಡಲೇ ಇಲ್ಲ.

ಬಸ್ಸಿನ ಮೇಲಿನ ಮಹಡಿ

ಡರ್ಬಿಶೈರಿನ ಅವಳ ಊರಿಗೆ ಹೋಗುವ ಬಸ್ಸಿಗೆ ಎರಡು ಅಂತಸ್ತು. ಮೇಲೆ, ಎಲ್ಲರಿಗಿಂತ ಮುಂದಿನ ಸೀಟಿನಲ್ಲಿ ಕೂತೆವು. ಗುಡ್ಡಗಳ ಮೇಲೆ ಕಲ್ಲಿನ ಗೋಡೆಗಳು, ಗೋಡೆಗಳ ಒಳಗೆ ಕುರಿ, ಕುರಿಯ ಹಿಂದೆ ಮನುಷ್ಯರೇ ಇಲ್ಲ. ನಮ್ಮಪ್ಪ ನೋಡಿದ್ದರೆ ಇವರ ಕುರಿ ಯಾರೂ ಕದಿಯುವುದಿಲ್ಲವೇನು ಎಂದು ಕೇಳುತ್ತಿದ್ದ. ಸುಮಿತ್ರಾ ಕುರಿಯನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಎದುರಿನ ಗಾಜನ್ನು ನೋಡುತ್ತ ನಡೆದದ್ದನ್ನು ಹೇಳಿದಳು.

ಫೋನಿನಲ್ಲಿ ಅವಳು ಹೇಳಿದ ಮುತ್ಯಾ ಎಂದರೆ ಆಶ್ರಮದಲ್ಲಿದ್ದ ರಾನ್ ಎಂಬ ಎಂಬತ್ತೇಳರ ಮುದುಕ. ಮೊದಲು ಕುರಿ ಸಾಕಿದವನು. ಅವನ ಹೆಸರು ಕೇಳಿ ಇವಳಿಗೆ ಮೊದಲ ದಿನವೇ ನಗು ಬಂದಿತ್ತು, ಏಕೆಂದರೆ ನಮ್ಮ ಖಾನಾಪುರದ ಮರಾಠಿಯಲ್ಲಿ ರಾನ್ ಎಂದರೆ ಕಾಡು. ಕುರಿ ಕಾಲು ಎಳೆದರೆ ಏನು ಮಾಡಬೇಕು ಎಂಬುದನ್ನು ಇಬ್ಬರೂ ಕೈಸನ್ನೆಯಲ್ಲೇ ಮಾತಾಡಿಕೊಂಡು ದೋಸ್ತಿಗಳಾಗಿದ್ದರು. ಹೋದ ವಾರ ಅವನಿಗೆ ಎದೆಯಲ್ಲಿ ಕಫ ಕಟ್ಟಿ ಡಾಕ್ಟರು ಎರಡು ಸಲ ಬಂದುಹೋದರು. ಮೂರನೆಯ ದಿನ ಬೆಳಗ್ಗೆ ಸುಮಿತ್ರಾ ಕೆಲಸಕ್ಕೆ ಹೋದಾಗ ಅವನ ಹಾಸಿಗೆ ಖಾಲಿ. ಹೊದಿಕೆ, ಚಾದರ ಎಲ್ಲ ತೆಗೆದು ಒಗೆಯಲು ಹಾಕಿದ್ದಾರೆ. ಹಿಂದಿನ ಪಾಳಿಯ ಹುಡುಗಿ ಕೋಟು ಹಾಕಿಕೊಳ್ಳುತ್ತ ಓಡುತ್ತಿದ್ದಳು.

“ರಾನ್ಸ್ ಆಫ್, ಬ್ಲೆಸ್ ಹಿಮ್. ಗಿವ್ ಜೂಲಿ ಎ ರಿಂಗ್, ವಿಲ್ ಯು?” ಅಂದು ಹೋಗಿಯೇಬಿಟ್ಟಳು. ಜೂಲಿ ರಾನ್‌ನ ಮಗಳು, ಅವಳಿಗೆ ಫೋನ್ ಮಾಡು ಎಂದು.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆ ಯಾರಾದರೂ ಸತ್ತರೆ ದೊಡ್ಡವರು ತೀರಿಕೊಂಡರು ಅನ್ನುತ್ತಾರೆ; ಹುಡುಗರು ಮಾತ್ರ ‘ಆಫ್ ಆದ’ ಅನ್ನುತ್ತಾರೆ. ದೀಪ ಆಫ್, ಫ್ಯಾನ್ ಆಫ್, ಮುತ್ಯಾ ಆಫ್. ಬಸ್ ಸ್ಟ್ಯಾಂಡಿನಿಂದ ಮದುವೆ ಮನೆಯತನಕ ಎಲ್ಲೆಲ್ಲೂ ಓಡಾಡುವ ಮಾತು. ಅದರ ಹಿಂದೆ ‘ದೇವರು ಅವನನ್ನು ಹರಸಲಿ’ ಎಂಬುದೂ ಸೇರಿ, ಎದುರಿಗೆ ಬೋಳು ಹಾಸಿಗೆಯೂ ಇದ್ದರೆ ನಂದಗಡದವಳು ಇನ್ನೇನು ತಿಳಿಯಬೇಕು?

“ಅಕ್ಕಾ, ನನ್ನ ಕೈಕಾಲ ಬಿದ್ದುವು. ಅಳಕೋತನ ಫೋನ್ ಹಚ್ಚಿದ್ನಿ. ಮೇಡಂ, ವೆರಿ ಸಾರಿ, ಯುವರ್ ಫಾದರ್ ಎಕ್ಸ್‌ಪೈರ್ಡ್ ಅಂದ್ನಿ.”

“ಆಮ್ಯಾಲ?”

“ಆಕಿ ಕಾರ್ ನಡಸಾಕತ್ತಿದ್ಳು. ಚೀರಿದ್ಳು. ಫೋನ್ ಬಿತ್ತು.”

ರಾನ್ ಆಫ್ ಆಗಿದ್ದು ಕುರಿ ಸಂತೆಗೆ. ಕಫ ಇಳಿದಿತ್ತು, ಹಳೆಯ ಗೆಳೆಯನೊಬ್ಬ ಗಾಡಿ ತಂದಿದ್ದ, ಮುದುಕ ಹಟ ಮಾಡಿ ಒಂದು ತಾಸಿನ ಮಟ್ಟಿಗೆಂದು ಹೊರಟುಹೋಗಿದ್ದ. ‘ಆಫ್’ ಎಂದರೆ ಹೊರಟ ಎಂದಷ್ಟೇ. ‘ಬ್ಲೆಸ್ ಹಿಮ್’ ಎಂದರೆ ಪಾಪ, ಎಷ್ಟು ಹುರುಪು ನೋಡು ಎಂದು. ಮಗಳು ಕಾರನ್ನು ರಸ್ತೆಯ ಬದಿಗೆ ಹಚ್ಚಿ, ಅತ್ತು, ಅಳುತ್ತಲೇ ನಡೆಸಿಕೊಂಡು ಆಶ್ರಮಕ್ಕೆ ಬಂದಾಗ ಅಪ್ಪ ಕೈಯಲ್ಲಿ ಕಡುಬಿನಂಥದ್ದೇನನ್ನೋ ಹಿಡಿದು ತಿನ್ನುತ್ತ ಬಾಗಿಲಲ್ಲಿ ಇಳಿಯುತ್ತಿದ್ದ. ಅವತ್ತೇ ಅವಳು ದೂರು ಬರೆದುಕೊಟ್ಟಳು. ಸಾವಿನ ಸುದ್ದಿಯನ್ನು ಮ್ಯಾನೇಜರ್ ಬಿಟ್ಟು ಯಾರೂ ಹೇಳಕೂಡದೆಂಬ ನಿಯಮವೂ ಇತ್ತಂತೆ. ಸುಮಿತ್ರಾಳನ್ನು ಕೆಲಸಕ್ಕೆ ಬರಬೇಡವೆಂದು ಮನೆಯಲ್ಲಿ ಕೂರಿಸಿದ್ದರು. ಗುರುವಾರ ಹತ್ತೂವರೆಗೆ ವಿಚಾರಣೆ. ನೌಕರಿ ಹೋದರೆ ಎರಡು ತಿಂಗಳೊಳಗೆ ಇನ್ನೊಂದು ಹುಡುಕಬೇಕು, ಸಿಗದಿದ್ದರೆ ದೇಶ ಬಿಡಬೇಕು. ಈ ದೂರಿನ ಹಣೆಪಟ್ಟಿ ಹಚ್ಚಿಕೊಂಡವಳಿಗೆ ಯಾರು ಕೊಡುತ್ತಾರೆ?

ಇಳಿಯುವಾಗ ಜನರೆಲ್ಲ ಡ್ರೈವರನಿಗೆ ‘ಟಾ, ಡಕ್’ ಎಂದು ಹೇಳಿ ಇಳಿದರು. ಟಾ ಎಂದರೆ ಥ್ಯಾಂಕ್ಸ್, ಡಕ್ ಎಂದರೆ ಬಾತುಕೋಳಿಯೇ. ಅಲ್ಲಿ ಪ್ರೀತಿಗೆ ಹಾಗೆ ಕರೆಯುತ್ತಾರಂತೆ. ಖಾನಾಪುರ ಬಸ್ಸಿನ ಡ್ರೈವರನನ್ನು ಬಾತುಕೋಳಿ ಎಂದು ಕರೆದರೆ ಏನಾಗುತ್ತದೆಂದು ನಾನು ಬೇರೆ ದಿನವಾಗಿದ್ದರೆ ಯೋಚಿಸಿ ನಗುತ್ತಿದ್ದೆ. ನನ್ನ ತಲೆಯಲ್ಲಿ ‘ಎಕ್ಸ್‌ಪೈರ್ಡ್’ ಒಂದೇ ಸುತ್ತುತ್ತಿತ್ತು. ರಜೆ ಅರ್ಜಿ ಬರೆಯುವ ಪಾಠದಲ್ಲಿ ಆ ಪದವನ್ನು ಮೂವತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದದ್ದು ಈ ಕೈ.

ಪ್ಯಾಟ್‌ಳ ಅಡಿಗೆಮನೆ, ಮಂಗಳವಾರ

ಸುಮಿತ್ರಾ ಇದ್ದದ್ದು ಪ್ಯಾಟ್ ಎಂಬ ಅರವತ್ತರ ಹೆಂಗಸಿನ ಮನೆಯ ಮೇಲಿನ ಕೋಣೆಯಲ್ಲಿ. ಪ್ಯಾಟ್ ಮಂಗಳವಾರ ಬೆಳಗ್ಗೆ ಮೆಟ್ಟಿಲ ಬುಡದಿಂದ ಕೂಗಿ, ಸಂಜೆ ಐದಕ್ಕೆ ಇಬ್ಬರೂ ಟೀಗೆ ಬನ್ನಿ ಎಂದಳು. ಚಹಾಕ್ಕೆ ಕರೆದವರ ಮನೆಗೆ ಖಾಲಿ ಹೊಟ್ಟೆಯಲ್ಲಿ ಹೋಗುವುದು ನಮ್ಮ ಕಡೆ ಮರ್ಯಾದೆಯಲ್ಲ, ಬಿಸ್ಕೀಟಿಗೆ ಕೈಹಾಕಿದವರು ಹಸಿದು ಬಂದಿದ್ದಾರೆ ಅನ್ನಿಸಿಕೊಳ್ಳುತ್ತಾರೆ. ನಾಲ್ಕು ಗಂಟೆಗೆ ನಾನು ತಂದ ರೊಟ್ಟಿ, ಚಟ್ನಿ, ಜೊತೆಗೆ ಅಂಗಡಿಯ ಮೊಸರು ಎಲ್ಲ ಹೊಡೆದು ಕೆಳಗೆ ಇಳಿದೆವು. ಮೇಜಿನ ಮೇಲೆ ಆಲೂಗಡ್ಡೆಯ ಗುಡ್ಡ, ಬಟಾಣಿ, ಚೀಸಿನ ದೊಡ್ಡ ಕಡುಬು. ಆ ಕಡೆ ರಾತ್ರಿಯ ಊಟಕ್ಕೇ ಟೀ ಅನ್ನುತ್ತಾರೆ. ಸುಮಿತ್ರಾಳಿಗೂ ಅದು ಗೊತ್ತಿರಲಿಲ್ಲ, ನಾಲ್ಕು ತಿಂಗಳಲ್ಲಿ ಯಾರೂ ಅವಳನ್ನು ಟೀಗೆ ಕರೆದಿರಲಿಲ್ಲ.

ಗಂಟಲತನಕ ತುಂಬಿದ ಹೊಟ್ಟೆಯ ಮೇಲೆ ಒಂದೊಂದೇ ತುತ್ತು ಇಳಿಸುತ್ತಿದ್ದೆವು. ಪ್ಯಾಟ್ ಒಳ್ಳೆಯವಳು, ಬಾಯಿ ಮಾತ್ರ ನಿಲ್ಲುವುದಿಲ್ಲ. ನನ್ನ ಕಡೆ ವಾಲಿ ದನಿ ತಗ್ಗಿಸಿದಳು.

“ಐಮ್ ನಾಟ್ ಬೀಯಿಂಗ್ ಫನ್ನಿ, ಬಟ್ ದೇ ಸೇ ಶೀ ಈಸ್ ಫಾರ್ ದ ಚಾಪ್.”

ನಾನು ಕೈ ಅಡ್ಡ ಹಿಡಿದು ನಯವಾಗಿಯೇ ಹೇಳಿದೆ: “ನೋ, ನೋ. ನೋ ಚಾಪ್ ಫಾರ್ ಹರ್. ಟುಡೇ ವೀ ಡೋಂಟ್ ಟೇಕ್ ಮಟನ್.”

ಪ್ಯಾಟ್ ಪಿಳಿಪಿಳಿ ಕಣ್ಣು ಬಿಟ್ಟಳು. ಸುಮಿತ್ರಾಳ ಚಮಚ ತಟ್ಟೆಯಲ್ಲೇ ನಿಂತಿತು. ಎದ್ದು ನಲ್ಲಿಯ ಹತ್ತಿರ ಹೋಗಿ, ಖಾಲಿ ಲೋಟವನ್ನು ತೊಳೆಯುತ್ತ ನಿಂತಳು.

ಮೇಲೆ ಕೋಣೆಗೆ ಬಂದಮೇಲೆ, “ಅಕ್ಕಾ, ಚಾಪ್ ಅಂದ್ರ ಮಟನ್ ಅಲ್ಲ. ಕೆಲಸದಿಂದ ತಗದು ಒಗೀತಾರ ಅಂತ. ನನ್ನ ಜೋಡಿ ಕೆಲಸ ಮಾಡಾವ್ರೂ ಹಂಗ ಅಂದಿದ್ರು,” ಎಂದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಆಗ ಹೇಳಲಾಗುತ್ತಿರಲಿಲ್ಲ. ಷೋಕಿಗಾಗಿ ಭಾಷೆಯ ಕೈಕಾಲು ಮುರಿಯುವ ಜನ ಎಂದು ಅವರನ್ನು ಬೈದೆ. ಒಂದು ಹಾಳೆ ತೆಗೆದುಕೊಂಡು ಗುರುವಾರಕ್ಕೆ ಭಾಷಣ ಬರೆಯಲು ಕುಳಿತೆ. ಜೊತೆಗೆ ಒಬ್ಬರನ್ನು ಕರೆತರಬಹುದೆಂದು ಆಶ್ರಮದವರು ಹೇಳಿದ್ದರು, ಆ ಒಬ್ಬಳು ನಾನು. ‘ದಿ ರೆಸ್ಪೆಕ್ಟೆಡ್ ಮ್ಯಾನೇಜರ್’ ಎಂದು ಶುರುವಾದ ಆ ಭಾಷಣದಲ್ಲಿ ಒಂದೇ ಒಂದು ವ್ಯಾಕರಣದ ತಪ್ಪಿರಲಿಲ್ಲ. ಓದಿ ಹೇಳಿದೆ. ಸುಮಿತ್ರಾ ಎಲ್ಲದಕ್ಕೂ ತಲೆಯಾಡಿಸಿದಳು.

“ತಿಳೀತಿಲ್ಲೋ?” ಎಂದೆ.

“ಹೂಂ ಅಕ್ಕಾ,” ಎಂದಳು.

ಸಂತೆ ಬೀದಿ, ಬುಧವಾರ

ಕೋಣೆಯಲ್ಲಿ ಕುಳಿತರೆ ಗೋಡೆ ಮೈಮೇಲೆ ಬರುವ ಹಾಗಾಗಿ ಬುಧವಾರ ಅವಳನ್ನು ಎಳೆದುಕೊಂಡು ಹೊರಗೆ ಹೋದೆ. ಊರ ನಡುವೆ ವಾರದ ಸಂತೆ. ನಂದಗಡದ್ದರ ಕಾಲು ಭಾಗವಿಲ್ಲ, ಗದ್ದಲವಂತೂ ಇಲ್ಲವೇ ಇಲ್ಲ. ಒಬ್ಬ ಕಾಲಿಫ್ಲವರ್ ಮಾರುವವನಿಗೆ ಮಾತ್ರ ಗಂಟಲಿತ್ತು. ಅವನು ಕೂಗಿದ್ದರಲ್ಲಿ ನನಗೆ ಒಂದಕ್ಷರ ತಿಳಿಯಲಿಲ್ಲ. ಸುಮಿತ್ರಾ ನನ್ನ ಬೆನ್ನ ಹಿಂದೆ ಹಿಂದೆಯೇ ನಡೆಯುತ್ತಿದ್ದಳು.

ನಂದಗಡದ ಸಂತೆ ನೆನಪಾಯಿತು. ಅಲ್ಲಿ ಮೆಣಸಿನಕಾಯಿ ಮಾರುವವಳು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸುತ್ತಾಳೆ. ತಿಳಿಯದಿದ್ದರೆ “ಕಾಯ್? ಏನಂದ್ರಿ?” ಎಂದು ಹತ್ತು ಸಲ ಕೇಳುತ್ತೇವೆ, ಅವಳೂ ಹನ್ನೊಂದು ಸಲ ಹೇಳುತ್ತಾಳೆ, ಯಾರಿಗೂ ನಾಚಿಕೆಯಿಲ್ಲ. ಮೆಣಸಿನಕಾಯಿಗೆ ಇಲ್ಲದ ನಾಚಿಕೆ ಇಂಗ್ಲಿಷಿಗೆ ಎಲ್ಲಿಂದ ಬಂತು ಎಂದು ನಾನು ಯೋಚಿಸುತ್ತಿದ್ದಾಗ ತಂಗಿ ನನ್ನ ಮೊಣಕೈ ಗಟ್ಟಿಯಾಗಿ ಹಿಡಿದಳು.

“ಅಕ್ಕಾ, ತಿರಗು. ವಾಪಸ್ ಹೋಗೂಣು.”

ಎದುರಿಗೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕ, ತಲೆಗೆ ಚಪ್ಪಟೆ ಟೋಪಿ. ಹಿಂದೆ ಐವತ್ತೈದರ ಹೆಂಗಸು. ನಾವು ತಿರುಗುವ ಮೊದಲೇ ಮುದುಕ ಕಂಡುಬಿಟ್ಟ. ಕೈ ಎತ್ತಿ ಇಡೀ ಬೀದಿಗೆ ಕೇಳುವಂತೆ ಕೂಗಿದ.

“ಏ ಅಪ್, ಸೂಮಿ, ಮಿ ಡಕ್! ನಾಟ್ ಡೆಡ್ ಯೆಟ್!”

‘ಏ ಅಪ್’ ಎಂದರೆ ಅಲ್ಲಿಯವರ ನಮಸ್ಕಾರ. ಮುದುಕ ಎದೆ ಹಿಡಿದು ನಗುತ್ತಿದ್ದ. ಹಿಂದಿನ ಹೆಂಗಸು ನಗಲಿಲ್ಲ. ಅವಳೇ ಜೂಲಿ ಎಂದು ಯಾರೂ ಹೇಳಬೇಕಾಗಿರಲಿಲ್ಲ, ಕುರ್ಚಿಯ ಹಿಡಿಕೆಯ ಮೇಲೆ ಅವಳ ಬೆರಳು ಬೆಳ್ಳಗಾಗಿದ್ದವು. ಸುಮಿತ್ರಾ ನೆಲ ನೋಡುತ್ತ ಕಂಬದಂತೆ ನಿಂತಳು. ಈಗ ಮಾತಾಡದಿದ್ದರೆ ಇನ್ನೆಂದೂ ಆಗದು ಎಂದು ನಾನೇ ಮುಂದೆ ಹೋದೆ. ಚೀಲದಲ್ಲಿ ಊರಿನಿಂದ ತಂದ ಶೇಂಗಾ ಉಂಡೆಯ ಡಬ್ಬಿ ಇತ್ತು. ಎರಡೂ ಕೈಯಲ್ಲಿ ಹಿಡಿದು, ನಾನು ಇವಳ ಅಕ್ಕ, ನನ್ನ ತಂಗಿಯಿಂದ ನಿಮಗೆ ಬಹಳ ನೋವಾಗಿದೆ, ದಯವಿಟ್ಟು ಇದನ್ನು ತೆಗೆದುಕೊಳ್ಳಿ ಎಂದೆ.

ಜೂಲಿ ಡಬ್ಬಿಯನ್ನು ನೋಡಿದಳು. “ಯು ಆರ್ ಆಲ್ ರೈಟ್,” ಎಂದಳು, ಕುರ್ಚಿ ತಿರುಗಿಸಿ ಹೊರಟೇಹೋದಳು. ಮುದುಕ ಕತ್ತು ಹೊರಳಿಸಿ ನಮ್ಮ ಕಡೆಗೆ ಕೈ ಬೀಸುತ್ತಲೇ ಇದ್ದ.

ನನಗೆ ಕುಣಿಯುವಷ್ಟು ಸಂತೋಷ. “ಸುಮ್ಮೀ, ಕೇಳಿಸ್ತಿಲ್ಲೋ? ಯು ಆರ್ ಆಲ್ ರೈಟ್ ಅಂದ್ಳು! ನಿಮ್ಮದೇನೂ ತಪ್ಪಿಲ್ಲ ಅಂದ್ಳು! ಮಾಫ್ ಮಾಡ್ಯಾಳ ನಿನ್ನ!”

ಸುಮಿತ್ರಾ ನನ್ನ ಕೈಯಿಂದ ಡಬ್ಬಿ ತೆಗೆದುಕೊಂಡು ಚೀಲಕ್ಕೆ ಹಾಕಿದಳು.

“ಇಲ್ಲಕ್ಕಾ. ಇಲ್ಲಿ ಹಂಗಂದ್ರ ಬ್ಯಾಡ ಅಂತ. ನಿಮ್ಮದು ನಮಗ ಬ್ಯಾಡ ಅಂತ.”

ಎಲ್ಲ ಸರಿಯಿದೆ ಎಂಬ ಮಾತಿನಿಂದ ಬೇಡ ಎನ್ನುವ ಜನರ ನಡುವೆ ನನ್ನ ತಂಗಿ ನಾಲ್ಕು ತಿಂಗಳು ಒಬ್ಬಳೇ ದುಡಿದಿದ್ದಾಳೆ ಎಂದು ನನಗೆ ಅವತ್ತು ಮೊದಲ ಸಲ ಹೊಳೆಯಿತು. ಫೋನಿನಲ್ಲಿ ಪ್ರತಿ ಭಾನುವಾರ ಎಲ್ಲ ಚೆನ್ನಾಗಿದೆ ಅನ್ನುತ್ತಿದ್ದಳು, ನಾನು ನಂಬುತ್ತಿದ್ದೆ.

ಗುರುವಾರ, ಹತ್ತೂವರೆ

ಮ್ಯಾನೇಜರಳ ಹೆಸರು ಲಿಂಡಾ. ಕೋಣೆ ಚಿಕ್ಕದು, ಗೋಡೆಯ ಮೇಲೆ ಆಶ್ರಮದ ಮುದುಕ ಮುದುಕಿಯರ ಫೋಟೋಗಳು. ಒಂದರಲ್ಲಿ ರಾನ್ ಕಾಗದದ ಕಿರೀಟ ಹಾಕಿಕೊಂಡು ಕುಳಿತಿದ್ದ. ಮೇಜಿನ ಆ ಕಡೆ ಲಿಂಡಾ, ಈ ಕಡೆ ನಾವಿಬ್ಬರು. ನನ್ನ ಭಾಷಣ ನಾಲ್ಕು ಮಡಿಕೆಯಾಗಿ ಕೈಯಲ್ಲಿ ಬೆವರುತ್ತಿತ್ತು.

ಲಿಂಡಾ ಮೊದಲು ಜೂಲಿಯ ದೂರನ್ನು ಓದಿದಳು. ಅದರಲ್ಲಿ ಬೈಗುಳವಿರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. ರಸ್ತೆಯ ಬದಿಗೆ ಕಾರು ನಿಲ್ಲಿಸಿದೆ, ಅಪ್ಪನ ಜೊತೆ ಕೊನೆಯ ಸಲ ಜಗಳವಾಡಿದ್ದೆ, ಇನ್ನು ಅದನ್ನು ಸರಿಮಾಡಲು ಆಗುವುದಿಲ್ಲವಲ್ಲ ಎಂದು ಅಲ್ಲೇ ಕುಳಿತು ಅತ್ತೆ ಎಂದು ಬರೆದಿದ್ದಳು. ಸುಮಿತ್ರಾ ಬಾಯಿಗೆ ಸೆರಗು ಒತ್ತಿಕೊಂಡಳು. ನನಗೂ ಆ ಹೆಂಗಸಿನ ಬೆಳ್ಳಗಾದ ಬೆರಳು ಕಣ್ಣ ಮುಂದೆ ಬಂದವು.

ಲಿಂಡಾ ಕನ್ನಡಕ ತೆಗೆದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದೂ ಮೆತ್ತಗೆ. ಹಿಂದಿನ ಪಾಳಿಯ ಹುಡುಗಿ ಹೇಳಿದ್ದನ್ನು ನೀನು ಖಚಿತ ಮಾಡಿಕೊಳ್ಳಲಿಲ್ಲ. ಮತ್ತೊಮ್ಮೆ ಯಾಕೆ ಕೇಳಲಿಲ್ಲ?

ನಾನು ಗಂಟಲು ಸರಿಮಾಡಿಕೊಂಡು ಹಾಳೆ ಬಿಚ್ಚಿದೆ. “ದಿ ರೆಸ್ಪೆಕ್ಟೆಡ್,” ಎನ್ನುವಷ್ಟರಲ್ಲಿ ಮೇಜಿನ ಕೆಳಗೆ ಸುಮಿತ್ರಾಳ ಕೈ ನನ್ನ ಮೊಣಕಾಲಿನ ಮೇಲೆ ಬಿತ್ತು. ಒತ್ತಿ ಹಿಡಿದಳು. ತಾನೇ ಮಾತಾಡಿದಳು.

ಅವಳು ಮುರುಕು ಇಂಗ್ಲಿಷಿನಲ್ಲಿ, ನಿಂತು ನಿಂತು ಹೇಳಿದ್ದು ಇಷ್ಟು. ಎಂಟನೆಯ ಇಯತ್ತೆಯಲ್ಲಿದ್ದಾಗ ಟೀಚರ್ ಒಂದು ವಾಕ್ಯ ಹೇಳಿದರು. ನನಗೆ ತಿಳಿಯಲಿಲ್ಲ, ಕೇಳಿದೆ. ಮತ್ತೆ ಹೇಳಿದರು. ಮತ್ತೂ ತಿಳಿಯಲಿಲ್ಲ, ಮತ್ತೆ ಕೇಳಿದೆ. ಬೆಂಚಿನ ಮೇಲೆ ನಿಲ್ಲಿಸಿದರು. ಎಲ್ಲರೂ ನಕ್ಕರು. ಬೆಲ್ಲು ಹೊಡೆಯುವತನಕ ನಿಂತಿದ್ದೆ, ಕೂರು ಎಂದು ಹೇಳುವುದನ್ನು ಟೀಚರ್ ಮರೆತೇ ಹೋಗಿದ್ದರು. ಅವತ್ತಿನಿಂದ ಇಂಗ್ಲಿಷಿನಲ್ಲಿ ಯಾರು ಏನು ಹೇಳಿದರೂ ನಾನು ಯೆಸ್ ಅನ್ನುತ್ತೇನೆ. ತಿಳಿಯದಿದ್ದರೆ ಜೋರಾಗಿ ಯೆಸ್ ಅನ್ನುತ್ತೇನೆ.

ಯಾವ ಟೀಚರ್ ಎಂದು ಅವಳು ಹೇಳಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ಲಿಂಡಾ ಅದನ್ನು ಬರೆದುಕೊಳ್ಳುತ್ತಿದ್ದಳು.

ನಾನು ಆ ದಿನವನ್ನು ಎಷ್ಟು ಹುಡುಕಿದರೂ ನೆನಪು ಬರಲಿಲ್ಲ. ಅಷ್ಟು ಜನರನ್ನು ನಿಲ್ಲಿಸಿದ್ದೆ. ಅದರಲ್ಲಿ ನನ್ನ ತಂಗಿ ಯಾವ ದಿನದವಳು, ಯಾವ ಬೆಂಚಿನವಳು ಎಂದು ನನಗೆ ತಿಳಿಯದು. ಅವಳಿಗೆ ಬೆಲ್ಲಿನ ಸದ್ದು ಕೂಡ ನೆನಪಿತ್ತು. ನನಗೆ ನಾಚಿಕೆಯಾಯಿತು, ಮೈಯೆಲ್ಲ ಉರಿಯುವಂಥ ನಾಚಿಕೆ.

“ಇಟ್ ವಾಸ್ ಮೀ,” ಎಂದೆ.

‘ಇಟ್ ವಾಸ್ ಐ’ ಎನ್ನಬೇಕು. ‘ಮೀ’ ಎಂದು ಬರೆದವರಿಗೆ ಕೆಂಪು ಶಾಯಿ ಎಳೆದವಳು ನಾನು. ಆಗ ವ್ಯಾಕರಣ ಬರಲಿಲ್ಲ. “ಐ ಆಮ್ ದ ಟೀಚರ್. ‘ಎಕ್ಸ್‌ಪೈರ್ಡ್’ ಆಲ್ಸೋ, ಐ ಟಾಟ್ ಹರ್,” ಎಂದೆ. ಭಾಷಣದ ಹಾಳೆ ಮುದುರಿ ಚೀಲಕ್ಕೆ ಹಾಕಿದೆ.

ಲಿಂಡಾ ನಮ್ಮಿಬ್ಬರನ್ನೂ ನೋಡಿದಳು. ಹೊರಗೆ ಯಾರೋ ತಳ್ಳುಗಾಡಿಯಲ್ಲಿ ಲೋಟಗಳನ್ನು ಒಯ್ದರು. ಕೊನೆಗೆ ಅವಳು ಕಡತ ಮುಚ್ಚಿದಳು.

“ರೈಟ್. ಐ ಥಿಂಕ್ ವಿ ಡ್ರಾ ಎ ಲೈನ್ ಅಂಡರ್ ಇಟ್, ಡೋಂಟ್ ಯು?”

ಲೈನ್ ಎಂದರೆ ಗೆರೆ. ಮೂವತ್ತೆರಡು ವರ್ಷ ಹಾಜರಿ ಪುಸ್ತಕ ಬರೆದವಳಿಗೆ ಗೆರೆ ಎಂದರೆ ಏನೆಂದು ಹೇಳಿಕೊಡಬೇಕೇ? ಶಾಲೆ ಬಿಟ್ಟವರ ಹೆಸರಿಗೆ ಎಳೆಯುವುದು ಗೆರೆ. ತಪ್ಪಿನ ಕೆಳಗೆ ಎಳೆಯುವುದು ಗೆರೆ. ಗೆರೆ ಎಳೆದ ಮೇಲೆ ಆ ಹೆಸರನ್ನು ಮತ್ತೆ ಕೂಗುವುದಿಲ್ಲ. ಅದನ್ನು ನಗುಮುಖದಿಂದ ಹೇಳುತ್ತಿದ್ದಾಳಲ್ಲ ಎಂದು ನನ್ನ ತಾಳ್ಮೆ ಕಿತ್ತುಹೋಯಿತು. ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತೆ. ಗೆರೆ ಎಳೆಯುವುದಿದ್ದರೆ ನನಗೆ ಎಳೆಯಿರಿ, ತಪ್ಪು ಕಲಿಸಿದವಳು ನಾನು, ಇವಳು ಹಾಸಿಗೆ ಹಿಡಿದವರನ್ನು ಆರು ವರ್ಷ ಮಗುವಿನ ಹಾಗೆ ನೋಡಿದವಳು, ಇಂಥವಳ ಹೆಸರು ಹೊಡೆದುಹಾಕುತ್ತೀರಾ, ನಿಮಗೆ ಮನಸ್ಸು ಇದೆಯೇ ಎಂದು ಅರ್ಧ ಇಂಗ್ಲಿಷ್, ಅರ್ಧ ಕನ್ನಡದಲ್ಲಿ, ನಡುವೆ ಎಲ್ಲೋ ಮರಾಠಿಯಲ್ಲೂ ಕೂಗಿದೆ. ಲಿಂಡಾಳ ಬಾಯಿ ತೆರೆದಿತ್ತು. ಅವಳು ಎದ್ದು ಬಾಗಿಲ ಕಡೆ ಹೋದರೆ ಎಲ್ಲ ಮುಗಿಯಿತು ಎಂದು ಕೂಗುತ್ತಿರುವಾಗಲೇ ನನಗೆ ಗೊತ್ತಾಗುತ್ತಿತ್ತು, ಆದರೂ ನಿಲ್ಲಿಸಲಾಗಲಿಲ್ಲ.

ಸುಮಿತ್ರಾ ಕೈ ಎತ್ತಿದಳು. ಅಂಗೈ ಹೊರಗೆ ಮಾಡಿ, ತರಗತಿಯಲ್ಲಿ ಎತ್ತುವ ಹಾಗೆ ಎತ್ತಿದಳು. ನಾನು ಬಾಯಿ ಮುಚ್ಚಿದೆ.

“ಸಾರಿ, ಲಿಂಡಾ. ಐ ಡೋಂಟ್ ಅಂಡರ್‌ಸ್ಟ್ಯಾಂಡ್. ವಾಟ್ ಈಸ್ ಲೈನ್?”

ಲಿಂಡಾ ವಿವರಿಸಿದಳು. ಅದೂ ಬೇಗಬೇಗನೆ.

“ಸಾರಿ. ಒನ್ಸ್ ಮೋರ್. ಸ್ಲೋ.”

ಲಿಂಡಾ ಈ ಸಲ ಒಂದೊಂದೇ ಪದ ಬಿಡಿಸಿ ಹೇಳಿದಳು. ಗೆರೆ ಎಳೆಯುವುದೆಂದರೆ ಇಲ್ಲಿಗೆ ಮುಗಿಯಿತು ಎಂದು, ಈ ವಿಷಯ ಇನ್ನು ಮೇಲೆ ಬೇಡ ಎಂದು. ಜೂಲಿಗೆ ಒಂದು ಪತ್ರ ಬರೆಯಬೇಕು, ಫೋನಿನ ನಿಯಮಗಳನ್ನು ಮತ್ತೆ ಕಲಿಯಬೇಕು. ಸೋಮವಾರದಿಂದ ಕೆಲಸಕ್ಕೆ ಬರಬೇಕು. ಈಗ ಎರಡು ಸಲ ಕೇಳಿದೆಯಲ್ಲ, ಹಾಗೆ ಇನ್ನು ಮುಂದೆ ಎಲ್ಲದಕ್ಕೂ ಕೇಳಬೇಕು, ನನಗೆ ಬೇಕಾದದ್ದು ಅಷ್ಟೇ ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಇಷ್ಟು ವರ್ಷ ಕಲಿಸಿದ ಟೀಚರಿಗೇ ನನ್ನ ಮಾತು ತಿಳಿಯಲಿಲ್ಲ ಎಂದರೆ ನಾವೂ ಮಾತಾಡುವುದನ್ನು ನೋಡಿಕೊಳ್ಳಬೇಕು ಎಂದಳು.

ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ಸೋಮವಾರ ಎಂಬುದೊಂದು ಕೇಳಿಸಿತ್ತು, ಅದರ ಹಿಂದುಮುಂದು ಕೂಡಿಬರುತ್ತಿರಲಿಲ್ಲ. ಲಿಂಡಾ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ನಾನು ತಲೆಯಾಡಿಸಿ ಮುಗುಳ್ನಗಲು ಹೊರಟಿದ್ದೆ. ಮುಖ ತಾನಾಗಿಯೇ ಹಾಗೆ ಮಾಡಲು ಹೊರಟಿತ್ತು.

“ಐ ಆಲ್ಸೋ ಡಿಡ್ ನಾಟ್ ಅಂಡರ್‌ಸ್ಟ್ಯಾಂಡ್,” ಎಂದೆ. “ಪ್ಲೀಸ್ ಸೇ ಅಗೇನ್.”

ಲಿಂಡಾ ಮತ್ತೆ ಹೇಳಿದಳು. ತಿಳಿಯಿತು. ಆದರೂ ಇನ್ನೊಂದು ಸಲ ಕೇಳಿದೆ, ಕೇಳುತ್ತಲೇ ಇರಬೇಕೆನಿಸಿತು. ಅವಳು ನಕ್ಕು ಇನ್ನೊಂದು ಸಲವೂ ಹೇಳಿದಳು. ಮುಗಿದ ಮೇಲೂ ನಾನು ನಿಂತೇ ಇದ್ದೆ. ಬಿದ್ದ ಕುರ್ಚಿಯನ್ನು ಸುಮಿತ್ರಾ ಎತ್ತಿ ನನ್ನ ಹಿಂದೆ ಇಟ್ಟಳು, ನನ್ನ ಭುಜ ಹಿಡಿದಳು.

“ಸಾಕಕ್ಕಾ,” ಎಂದಳು. “ಕುಂದರು.”